ಮೋಝ್ ಆಲಿಸನ್ ಜೀವನವಿಡೀ ಚಿಕ್ಕ ಕ್ಲಬ್‌ಗಳಲ್ಲೇ ಯಾಕೆ ಹಾಡಿದರು? ಜಾಝ್ ಕ್ಲಬ್ ನಡೆಯುವ ಬಗೆ

ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರುವ ವಿಂಡ್‌ಮಿಲ್ಸ್‌ನಂಥ ಜಾಗಗಳಲ್ಲಿ ಜಾಝ್ ಕೇಳುವ ಕನ್ನಡಿಗರಿದ್ದಾರೆ. ನ್ಯೂಯಾರ್ಕ್‌ಗೋ ಲಂಡನ್‌ಗೋ ಕೆಲಸದ ಮೇಲೆ ಹೋದವರು ಅಲ್ಲಿನ ಹೆಸರಾಂತ ಜಾಝ್ ಕ್ಲಬ್‌ಗಳನ್ನೂ ಒಮ್ಮೆ ನೋಡಿ ಬರೋಣ ಅಂದುಕೊಳ್ಳುತ್ತಾರೆ. ಟಿಕೆಟ್ ತಗೊಳ್ಳಲು ಹೋದಾಗ ಗೊಂದಲ ಶುರುವಾಗುತ್ತದೆ. ಒಂದೇ ರಾತ್ರಿ, ಒಬ್ಬರೇ ಕಲಾವಿದರು, ಆದರೆ ಎಂಟು ಗಂಟೆಗೊಂದು ಟಿಕೆಟ್, ಹತ್ತು ಗಂಟೆಗೆ ಇನ್ನೊಂದು. ಟಿಕೆಟ್ ದುಡ್ಡು ಕೊಟ್ಟರೂ ಒಳಗೆ ಇಷ್ಟು ಡಾಲರ್‌ನ ತಿಂಡಿ ಅಥವಾ ಪಾನೀಯ ತಗೊಳ್ಳಲೇಬೇಕು ಅನ್ನುವ ನಿಯಮ. ಹಾಡುವವರು ಐವತ್ತು ವರ್ಷದಿಂದ ಹಾಡುತ್ತಿರುವ ದೊಡ್ಡ ಹೆಸರು. ಜಾಗ ನೋಡಿದರೆ ನೆಲಮಾಳಿಗೆ, ನೂರಿಪ್ಪತ್ತು ಕುರ್ಚಿ.

ಇಷ್ಟು ಹೆಸರಿದ್ದವರು ಇಷ್ಟು ಚಿಕ್ಕ ಜಾಗದಲ್ಲಿ ಯಾಕೆ? ಬೇಡಿಕೆ ಕಡಿಮೆಯಾಗಿದೆಯಾ?

ಸಾಮಾನ್ಯವಾಗಿ ಅದು ಕಾರಣವಲ್ಲ. ಈ ಸಂಗೀತ ಬೆಳೆದದ್ದೇ ಚಿಕ್ಕ ಕೋಣೆಯಲ್ಲಿ. ಅದರ ದುಡ್ಡಿನ ಲೆಕ್ಕವೂ ಆ ಕೋಣೆಯ ಸುತ್ತಲೇ ಇದೆ. ಇದನ್ನು ಒಬ್ಬರ ಬದುಕಿನ ಮೂಲಕ ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ಅಮೆರಿಕದ ಗಾಯಕ, ಪಿಯಾನೋ ವಾದಕ ಮೋಝ್ ಆಲಿಸನ್ ಅದಕ್ಕೆ ತಕ್ಕ ವ್ಯಕ್ತಿ. ಅವರ ಹಾಡುಗಳನ್ನು ಬೇರೆಯವರು ಲಕ್ಷಾಂತರ ಜನರ ಮುಂದೆ ಹಾಡಿದರು. ಅವರು ಮಾತ್ರ ತಮ್ಮ ಎಂಬತ್ತನೇ ವಯಸ್ಸು ದಾಟುವವರೆಗೂ ಊರೂರಿನ ಕ್ಲಬ್‌ಗಳಲ್ಲಿ ಪಿಯಾನೋ ಮುಂದೆ ಕೂತು ಹಾಡಿದರು.

ಹತ್ತಿ ಹೊಲದಿಂದ ನ್ಯೂಯಾರ್ಕ್‌ಗೆ

ಆಲಿಸನ್ ಹುಟ್ಟಿದ್ದು 1927ರ ನವೆಂಬರ್ 11ರಂದು, ಮಿಸಿಸಿಪ್ಪಿ ರಾಜ್ಯದ ಟಿಪ್ಪೊ ಎಂಬ ಪುಟ್ಟ ಊರಿನ ಬಳಿ. ಮಿಸಿಸಿಪ್ಪಿ ಡೆಲ್ಟಾ ಎನ್ನುವ ಈ ಪ್ರದೇಶ ಹತ್ತಿ ಬೆಳೆಯುವ ಸೀಮೆ. ಕಪ್ಪು ಜನ ಹೊಲಗಳಲ್ಲಿ ದುಡಿಯುತ್ತಿದ್ದರು. ವರ್ಣಭೇದದ ಕಾನೂನುಗಳು ಅವರನ್ನು ಬಿಳಿಯರಿಂದ ಬೇರೆಯೇ ಇಟ್ಟಿದ್ದವು. ಬ್ಲೂಸ್ ಎಂಬ ಸಂಗೀತ ಬೆಳೆದ ನೆಲಗಳಲ್ಲಿ ಇದು ಬಹಳ ಮುಖ್ಯವಾದದ್ದು.

ಆಲಿಸನ್ ಬಿಳಿಯರ ಮನೆಯ ಹುಡುಗ. ಅಪ್ಪ ಅಂಗಡಿ ಇಟ್ಟಿದ್ದರು, ಪಿಯಾನೋ ಕೂಡ ನುಡಿಸುತ್ತಿದ್ದರು. ಮಗನಿಗೆ ಐದನೇ ವಯಸ್ಸಿಗೇ ಪಿಯಾನೋ ಪಾಠ ಶುರುವಾಯಿತು. ಆದರೆ ಹುಡುಗನ ಕಿವಿ ನಿಜವಾಗಿ ತೆರೆದದ್ದು ಊರಿನ ಪೆಟ್ರೋಲ್ ಬಂಕಿನ ಜ್ಯೂಕ್‌ಬಾಕ್ಸ್ ಮುಂದೆ. ಕಾಸು ಹಾಕಿದರೆ ಬೇಕಾದ ಹಾಡು ಹಾಕುವ ಯಂತ್ರ ಅದು. ಕಪ್ಪು ಗಾಯಕರ ಬ್ಲೂಸ್ ಅವನಿಗೆ ಅಲ್ಲಿ ಸಿಕ್ಕಿತು. ಜೊತೆಗೆ ಲೂಯಿ ಆರ್ಮ್‌ಸ್ಟ್ರಾಂಗ್, ನ್ಯಾಟ್ ಕಿಂಗ್ ಕೋಲ್, ಲೂಯಿ ಜೋರ್ಡನ್ ಅವರ ಹಾಡುಗಳು. ಹದಿಮೂರನೇ ವಯಸ್ಸಿಗೆ ಮೊದಲ ಹಾಡು ಬರೆದ.

ಆಮೇಲೆ ಸ್ವಲ್ಪ ಕಾಲ ಕಾಲೇಜು, ಸ್ವಲ್ಪ ಕಾಲ ಸೈನ್ಯ, ಮತ್ತೆ ಕಾಲೇಜು. 1952ರಲ್ಲಿ ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಓದಿದ್ದು ಇಂಗ್ಲಿಷ್ ಸಾಹಿತ್ಯ, ಜೊತೆಗೆ ತತ್ವಶಾಸ್ತ್ರ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅವರ ಹಾಡುಗಳಲ್ಲಿ ಈ ಎರಡೂ ಕಾಣುತ್ತವೆ. ಹೊಲದವರ ಮಾತಿನ ಧಾಟಿ, ಓದಿದವರ ವಿಚಾರ.

1956ರಲ್ಲಿ ನ್ಯೂಯಾರ್ಕ್‌ಗೆ ಬಂದರು. ಬಂದದ್ದು ಗಾಯಕರಾಗಿ ಅಲ್ಲ, ಪಿಯಾನೋ ವಾದಕರಾಗಿ. ಸ್ಟ್ಯಾನ್ ಗೆಟ್ಜ್, ಜೆರ್ರಿ ಮಲಿಗನ್, ಆಲ್ ಕೋನ್, ಝೂಟ್ ಸಿಮ್ಸ್ ಮುಂತಾದ ಪ್ರಸಿದ್ಧ ಸ್ಯಾಕ್ಸೊಫೋನ್ ವಾದಕರ ತಂಡಗಳಲ್ಲಿ ನುಡಿಸಿದರು. 1957ರಲ್ಲಿ ಪ್ರೆಸ್ಟೀಜ್ ಕಂಪನಿ ಅವರ ಮೊದಲ ಆಲ್ಬಂ ತಂದಿತು. ಹೆಸರು 'ಬ್ಯಾಕ್ ಕಂಟ್ರಿ ಸ್ವೀಟ್'. ಊರಿನ ಬದುಕನ್ನು ಪಿಯಾನೋ ಮೇಲೆ ಬಿಡಿಸಿದ ಸಣ್ಣ ಸಣ್ಣ ತುಣುಕುಗಳು. ಅದರಲ್ಲಿ ಒಂದು ತುಣುಕಿನಲ್ಲಿ ಅವರು ಬಾಯಿಬಿಟ್ಟು ಹಾಡಿದರು. ಸುಮಾರು ಒಂದೂವರೆ ನಿಮಿಷ ಅಷ್ಟೇ. ಆ ಒಂದೂವರೆ ನಿಮಿಷದ ಕಥೆಗೆ ಆಮೇಲೆ ಬರೋಣ.

ಬ್ಲೂಸ್, ಜಾಝ್, ಪಾಪ್: ಒಂದು ಹಾಡಿನಲ್ಲಿ ಮೂರೂ ಹೇಗೆ?

ಬ್ಲೂಸ್ ಹಾಡಿಗೆ ಒಂದು ಗೊತ್ತಾದ ಚೌಕಟ್ಟಿದೆ. ಸಾಮಾನ್ಯವಾಗಿ ಹನ್ನೆರಡು ಘಟ್ಟ, ಒಂದೊಂದು ಘಟ್ಟಕ್ಕೆ ನಾಲ್ಕು ಪೆಟ್ಟು, ಒಟ್ಟು 48 ಪೆಟ್ಟು. ಹಿಂದೆ ಮುಖ್ಯವಾಗಿ ಮೂರೇ ಸ್ವರಗುಚ್ಛಗಳು ಬದಲಾಗುತ್ತಾ ಹೋಗುತ್ತವೆ. ಒಂದು ಸಾಲು ಹೇಳುವುದು, ಅದನ್ನೇ ಮತ್ತೆ ಹೇಳುವುದು, ಮೂರನೆಯದಾಗಿ ಅದಕ್ಕೊಂದು ಉತ್ತರ ಕೊಡುವುದು. 48 ಪೆಟ್ಟು ಮುಗಿದರೆ ಮತ್ತೆ ಮೊದಲಿನಿಂದ.

ಜಾಝ್ ವಾದಕರು ಇದೇ ಚೌಕಟ್ಟನ್ನು ಇಟ್ಟುಕೊಂಡು, ಒಳಗೆ ಆ ಹೊತ್ತಿಗೆ ಹೊಳೆದದ್ದನ್ನು ನುಡಿಸುತ್ತಾರೆ. ಮೊದಲು ಹಾಡು, ನಡುವೆ ವಾದಕರ ಕಲ್ಪನೆ, ಕೊನೆಗೆ ಮತ್ತೆ ಹಾಡು. ನಡುವಿನ ಭಾಗ ಪ್ರತಿ ರಾತ್ರಿಯೂ ಹೊಸದು. ಪಾಪ್ ಎಂದರೆ ಇಲ್ಲಿ ಸುಲಭವಾಗಿ ಬಾಯಿಗೆ ಬರುವ, ಮೂರು ನಾಲ್ಕು ನಿಮಿಷದ, ಸಾಹಿತ್ಯಕ್ಕೆ ಬೆಲೆ ಕೊಡುವ ಹಾಡು ಅಂತ ಇಟ್ಟುಕೊಳ್ಳಿ.

ಆಲಿಸನ್ ಈ ಮೂರನ್ನೂ ಸೇರಿಸಿದರು. ಹಾಡು ಗಿಡ್ಡ, ಮಾತು ಚುರುಕು, ನಡುವೆ ಪಿಯಾನೋ ಮಾತ್ರ ಎಲ್ಲೋ ಹೋಗಿ ಎಲ್ಲೋ ಬರುತ್ತದೆ. ದನಿ ದೊಡ್ಡದಲ್ಲ. ಮೇಲಕ್ಕೆ ಏರುವುದಿಲ್ಲ, ಎಳೆಯುವುದೂ ಇಲ್ಲ. ಪಕ್ಕದಲ್ಲಿ ಕೂತವರಿಗೆ ಏನೋ ಹೇಳುವ ಹಾಗೆ ಹಾಡುತ್ತಾರೆ. ರೇಡಿಯೋದಲ್ಲಿ ಕೇಳಿದ ಎಷ್ಟೋ ಮಂದಿ ಇವರು ಕಪ್ಪು ಗಾಯಕರೇ ಇರಬೇಕು ಅಂದುಕೊಂಡಿದ್ದರು.

ಒಂದು ಹಾಡನ್ನು ಹತ್ತಿರದಿಂದ ನೋಡೋಣ. 1957ರದ್ದೇ 'ಪಾರ್ಚ್‌ಮನ್ ಫಾರ್ಮ್'. ಪಾರ್ಚ್‌ಮನ್ ಎಂದರೆ ಮಿಸಿಸಿಪ್ಪಿಯ ಸರ್ಕಾರಿ ಜೈಲು. ಹತ್ತಿ ಹೊಲಗಳ ನಡುವಿನ ಜೈಲು ಅದು. ಕೈದಿಗಳನ್ನು ಹೊಲದಲ್ಲಿ ದುಡಿಸುತ್ತಿದ್ದರು. ಆಲಿಸನ್ ಹುಟ್ಟಿದ ಊರಿಗೆ ಹೆಚ್ಚು ದೂರವಿಲ್ಲ. ಬುಕ್ಕಾ ವೈಟ್ ಎಂಬ ಕಪ್ಪು ಗಾಯಕರು ಸ್ವತಃ ಅಲ್ಲಿ ಕೈದಿಯಾಗಿದ್ದವರು, 1940ರಲ್ಲೇ ಆ ಜೈಲಿನ ಮೇಲೆ ಹಾಡು ಮಾಡಿದ್ದರು. ಆಲಿಸನ್ ಹಾಡಿನಲ್ಲಿ ಕೈದಿಯೊಬ್ಬ ತನ್ನ ಕಷ್ಟ ಹೇಳಿಕೊಳ್ಳುತ್ತಾನೆ. ನಾನು ಯಾರಿಗೂ ಕೇಡು ಮಾಡಿದವನಲ್ಲ ಅನ್ನುತ್ತಾನೆ. ಹತ್ತಿ ಬಿಡಿಸುವ ಚೀಲ ಇಷ್ಟುದ್ದ ಇದೆ ಅನ್ನುತ್ತಾನೆ. ಕೇಳುತ್ತಾ ಕೇಳುತ್ತಾ ನಮಗೆ ಅಯ್ಯೋ ಅನ್ನಿಸುತ್ತದೆ. ಕೊನೆಯ ಸಾಲಿಗೆ ಬಂದಾಗ ಗೊತ್ತಾಗುತ್ತದೆ, ಅವನು ಹೆಂಡತಿಯನ್ನು ಗುಂಡಿಟ್ಟು ಕೊಂದವನು. ಅದನ್ನೂ ಅದೇ ಸಾದಾ ದನಿಯಲ್ಲಿ, ಅಷ್ಟೇ ತಾನೇ ಮಾಡಿದ್ದು ಅನ್ನುವ ಹಾಗೆ ಹೇಳಿ ಮುಗಿಸುತ್ತಾನೆ.

ಇಡೀ ಹಾಡು ನಿಂತಿರುವುದು ಆ ಕೊನೆಯ ಸಾಲಿನ ಮೇಲೆ. ಅದು ಕಿವಿಗೆ ಬೀಳದಿದ್ದರೆ ಹಾಡೇ ಇಲ್ಲ. ಚಿಕ್ಕ ಜಾಗ ಯಾಕೆ ಎಂಬ ಪ್ರಶ್ನೆಗೆ ಮೊದಲ ಉತ್ತರ ಇದರಲ್ಲೇ ಇದೆ.

ಒಂದೂವರೆ ನಿಮಿಷದ ಹಾಡು ಎಲ್ಲಿಗೆ ಹೋಯಿತು

ಈಗ ಮೊದಲ ಆಲ್ಬಂನ ಆ ತುಣುಕಿಗೆ ಬರೋಣ. ಅಲ್ಲಿ ಅದರ ಹೆಸರು ಬರೀ 'ಬ್ಲೂಸ್'. ಆಮೇಲೆ 'ಯಂಗ್ ಮ್ಯಾನ್ ಬ್ಲೂಸ್' ಎಂದು ಹೆಸರಾಯಿತು. ಹಿಂದೆ ಯುವಕರು ಅಂದರೆ ಜನ ದಾರಿ ಬಿಡುತ್ತಿದ್ದರು, ಈಗ ದುಡ್ಡೆಲ್ಲ ಮುದುಕರ ಕೈಯಲ್ಲಿದೆ, ಯುವಕರ ಹತ್ತಿರ ಏನೂ ಇಲ್ಲ ಅನ್ನುವುದು ಅದರ ಸಾರ. ಹಾಡಿದಾಗ ಆಲಿಸನ್‌ಗೆ 29 ವರ್ಷ. ಪಿಯಾನೋ, ಬಾಸ್ ಎಂಬ ತಗ್ಗು ದನಿಯ ತಂತಿವಾದ್ಯ, ಡ್ರಮ್ಸ್. ಕೂಗಾಟವಿಲ್ಲ.

ಈ ಹಾಡು ಇಂಗ್ಲೆಂಡಿನ 'ದ ಹೂ' ಎಂಬ ರಾಕ್ ತಂಡದ ಕಿವಿಗೆ ಬಿತ್ತು. ಅವರು ಅದನ್ನು ಸುಮಾರು ಐದು ನಿಮಿಷದ ಸಿಡಿಲಿನಂಥ ಹಾಡು ಮಾಡಿದರು. ಗಾಯಕ ಒಂದು ಸಾಲು ಕೂಗಿ ನಿಲ್ಲುತ್ತಾನೆ, ಗಿಟಾರ್ ಡ್ರಮ್ಸ್ ಸಿಡಿಯುತ್ತವೆ, ಮತ್ತೆ ಒಂದು ಸಾಲು. 1970ರ ಫೆಬ್ರವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದ ಊಟದ ಹಾಲ್‌ನಲ್ಲಿ ಅವರು ಕೊಟ್ಟ ಕಾರ್ಯಕ್ರಮ 'ಲೈವ್ ಅಟ್ ಲೀಡ್ಸ್' ಹೆಸರಿನ ಆಲ್ಬಂ ಆಯಿತು. ರಾಕ್ ಸಂಗೀತದ ಅತ್ಯುತ್ತಮ ಲೈವ್ ಆಲ್ಬಂಗಳ ಪಟ್ಟಿ ಮಾಡುವಾಗ ಅದನ್ನು ಬಿಡುವವರು ಕಡಿಮೆ. ಅದರ ಮೊದಲ ಹಾಡೇ ಇದು. ಅದೇ ವರ್ಷ ಐಲ್ ಆಫ್ ವೈಟ್ ದ್ವೀಪದ ಉತ್ಸವದಲ್ಲಿ ಲಕ್ಷಾಂತರ ಜನರ ಮುಂದೆಯೂ ಇದನ್ನು ಹಾಡಿದರು.

ದ ಹೂ ಒಬ್ಬರೇ ಅಲ್ಲ. ಜಾನ್ ಮೇಯಾಲ್ ತಂಡ, ಎರಿಕ್ ಕ್ಲಾಪ್ಟನ್ ಅದರಲ್ಲಿದ್ದಾಗ, 1966ರಲ್ಲಿ 'ಪಾರ್ಚ್‌ಮನ್ ಫಾರ್ಮ್' ಹಾಡಿತು. ಯಾರ್ಡ್‌ಬರ್ಡ್ಸ್ ಒಂದು ಹಾಡು ತಗೊಂಡರು. 1973ರಲ್ಲಿ ಬಾನಿ ರೇಯ್ಟ್, 1980ರಲ್ಲಿ ಪಂಕ್ ತಂಡ ದ ಕ್ಲ್ಯಾಶ್, ಎಂಬತ್ತರ ದಶಕದ ನಡುವೆ ವ್ಯಾನ್ ಮಾರಿಸನ್, 1995ರಲ್ಲಿ ಎಲ್ವಿಸ್ ಕಾಸ್ಟೆಲೊ. ಎಲ್ಲರೂ ಆಲಿಸನ್ ಹಾಡುಗಳನ್ನು ತಮ್ಮ ಆಲ್ಬಂಗಳಲ್ಲಿ ಹಾಡಿದ್ದಾರೆ. 1996ರಲ್ಲಿ ವ್ಯಾನ್ ಮಾರಿಸನ್, ಜಾರ್ಜಿ ಫೇಮ್ ಮತ್ತು ಬೆನ್ ಸಿಡ್ರನ್ ಸೇರಿ ಇಡೀ ಆಲ್ಬಂ ಅನ್ನೇ ಅವರ ಹಾಡುಗಳಿಗೆ ಮೀಸಲಿಟ್ಟರು. ಅದರಲ್ಲಿ ಆಲಿಸನ್ ಕೂಡ ಬಂದು ಹಾಡಿದರು.

ಬೇರೆಯವರು ಹಾಡಿದರೆ ಬರೆದವರಿಗೆ ಏನು ಸಿಗುತ್ತದೆ?

ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತದೆ. ಒಂದು, ಬರೆದ ಹಾಡು: ಅದರ ಸಾಹಿತ್ಯ ಮತ್ತು ರಾಗ. ಇನ್ನೊಂದು, ಅದನ್ನು ಹಾಡಿ ಮಾಡಿದ ಧ್ವನಿಮುದ್ರಣ. ದ ಹೂ ತಂಡದ ಆಲ್ಬಂ ಮಾರಾಟವಾದರೆ ಮುದ್ರಣದ ಪಾಲು ಆ ತಂಡಕ್ಕೆ ಮತ್ತು ಕಂಪನಿಗೆ. ಬರೆದ ಹಾಡಿನ ಪಾಲು ಆಲಿಸನ್‌ಗೆ ಮತ್ತು ಅವರ ಹಾಡಿನ ಪ್ರಕಾಶಕರಿಗೆ.

ಅಮೆರಿಕದ 1909ರ ಕಾಯ್ದೆಯ ಪ್ರಕಾರ, ಒಂದು ಹಾಡು ಒಮ್ಮೆ ರೆಕಾರ್ಡ್ ಆಗಿ ಹೊರಬಂದ ಮೇಲೆ ಬೇರೆ ಯಾರು ಬೇಕಾದರೂ ಅದನ್ನು ರೆಕಾರ್ಡ್ ಮಾಡಬಹುದು. ಬರೆದವರು ಬೇಡ ಅನ್ನುವಂತಿಲ್ಲ. ಆದರೆ ಕಾನೂನು ಹೇಳಿದ ದರ ಕೊಡಬೇಕು. ಆ ದರ 1909ರಿಂದ 1977ರ ಕೊನೆಯವರೆಗೂ ಬದಲಾಗಲೇ ಇಲ್ಲ: ಒಂದು ಪ್ರತಿಗೆ, ಒಂದು ಹಾಡಿಗೆ ಎರಡು ಸೆಂಟ್. ಲೆಕ್ಕಕ್ಕೆ ಹೇಳುವುದಾದರೆ, ಹತ್ತು ಲಕ್ಷ ಪ್ರತಿ ಹೋದರೆ 20,000 ಡಾಲರ್. ಅದರಲ್ಲಿ ಸಾಮಾನ್ಯವಾಗಿ ಅರ್ಧ ಪ್ರಕಾಶಕರಿಗೆ. ಎಪ್ಪತ್ತರ ದಶಕಕ್ಕೆ ಅದು ಕಡಿಮೆಯಲ್ಲ, ಆದರೆ ಕೂತು ತಿನ್ನುವಷ್ಟೂ ಅಲ್ಲ.

ರೇಡಿಯೋದ ಲೆಕ್ಕ ಇನ್ನೂ ವಿಚಿತ್ರ. ಅಮೆರಿಕದ ಸಾಮಾನ್ಯ ರೇಡಿಯೋ ಕೇಂದ್ರಗಳು ಹಾಡು ಹಾಕಿದಾಗ ಬರೆದವರಿಗೆ ಹಣ ಕೊಡುತ್ತವೆ, ಹಾಡಿದವರಿಗೆ ಕೊಡುವುದಿಲ್ಲ. ಹಾಗಾಗಿ ಅಲ್ಲಿ ಬರೀ ಹಾಡುವವರಿಗಿಂತ ಬರೆದು ಹಾಡುವವರಿಗೆ ಮುಪ್ಪಿನಲ್ಲಿ ಸ್ವಲ್ಪ ಆಸರೆ ಜಾಸ್ತಿ. ನಮ್ಮಲ್ಲೂ ಇದೇ ಜಗಳ ಬಹಳ ಕಾಲ ನಡೆಯಿತು. ಚಿತ್ರಗೀತೆ ಬರೆದವರು, ರಾಗ ಹಾಕಿದವರು ಒಮ್ಮೆ ಕೊಟ್ಟ ಸಂಭಾವನೆಗೆ ಎಲ್ಲ ಹಕ್ಕನ್ನೂ ಬಿಟ್ಟುಕೊಡುವ ಪದ್ಧತಿ ಇತ್ತು. 2012ರಲ್ಲಿ ಭಾರತದ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಅವರ ರಾಯಲ್ಟಿ ಪಾಲನ್ನು ಹಾಗೆ ಬರೆಸಿಕೊಳ್ಳುವಂತಿಲ್ಲ.

ಇಷ್ಟಾದರೂ ಆಲಿಸನ್ ಅವರ ದಿನನಿತ್ಯದ ಕೆಲಸ ಕ್ಲಬ್‌ಗಳದ್ದೇ. ವರ್ಷಕ್ಕೆ ನೂರಕ್ಕೂ ಹೆಚ್ಚು ರಾತ್ರಿ ಎಲ್ಲೋ ಒಂದು ಊರಿನಲ್ಲಿ ಪಿಯಾನೋ ಮುಂದೆ ಇರುತ್ತಿದ್ದರು. ಆಲ್ಬಂಗಳು ಒಂದಾದ ಮೇಲೊಂದು ಬಂದವು. ಕೊಲಂಬಿಯಾ, 1962ರಿಂದ ಅಟ್ಲಾಂಟಿಕ್, 1987ರಿಂದ ಬ್ಲೂ ನೋಟ್, ಹೀಗೆ ಕಂಪನಿಗಳು ಬದಲಾದವು. ಯಾವುದೂ ಭಾರಿ ಹಿಟ್ ಆಗಲಿಲ್ಲ. ಕ್ಲಬ್ ಮಾತ್ರ ಬದಲಾಗಲಿಲ್ಲ.

ಈ ಕ್ಲಬ್‌ಗಳು ಎಲ್ಲಿಂದ ಬಂದವು?

1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇತ್ತು. ಕದ್ದುಮುಚ್ಚಿ ಮದ್ಯ ಮಾರುವ ಜಾಗಗಳು ಹುಟ್ಟಿಕೊಂಡವು, ಅಲ್ಲಿ ಸಂಗೀತವೂ ಇರುತ್ತಿತ್ತು. ನಿಷೇಧ ತೆಗೆದ ಮೇಲೆ ಅಂಥ ಜಾಗಗಳು ಬಹಿರಂಗವಾಗಿ ಬಾಗಿಲು ತೆರೆದವು. ಆದರೆ ಆಗಿನ ಜಾಝ್ ಹೆಚ್ಚಾಗಿ ಕುಣಿಯುವ ಸಂಗೀತ. ಹದಿನೈದು ಹದಿನಾರು ಮಂದಿಯ ತಂಡ, ದೊಡ್ಡ ಹಾಲ್, ಜೋಡಿಗಳ ಕುಣಿತ.

ಅದು ಕೂತು ಕೇಳುವ ಸಂಗೀತ ಆದದ್ದಕ್ಕೆ ಹಲವು ಕಾರಣಗಳಿವೆ. ಅದರಲ್ಲಿ ಒಂದು ತೆರಿಗೆ ಅಂದರೆ ನಂಬುತ್ತೀರಾ? ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1944ರಲ್ಲಿ, ಹಾಡು ಕುಣಿತ ಇರುವ ಕ್ಲಬ್‌ಗಳ ಬಿಲ್ಲಿನ ಮೇಲೆ ಅಮೆರಿಕ ಸರ್ಕಾರ ಶೇ. 30ರಷ್ಟು ತೆರಿಗೆ ಹಾಕಿತು. ಆಮೇಲೆ ಅದನ್ನು ಶೇ. 20ಕ್ಕೆ ಇಳಿಸಿದರು. ಕುಣಿತವಿಲ್ಲದೆ ಬರೀ ವಾದ್ಯ ನುಡಿಸಿದರೆ ಈ ತೆರಿಗೆ ಇಲ್ಲ. ಮಾಲೀಕರು ಕುಣಿಯುವ ಜಾಗ ತೆಗೆದು ಟೇಬಲ್ ಹಾಕಿದರು. ದೊಡ್ಡ ತಂಡಗಳ ಬದಲು ಮೂರು ನಾಲ್ಕು ಜನರ ತಂಡಗಳು ಬಂದವು.

ನ್ಯೂಯಾರ್ಕ್‌ನಲ್ಲಿ ಇನ್ನೊಂದು ಕಾಟವೂ ಇತ್ತು. 1940ರಿಂದ 1967ರವರೆಗೆ ಕ್ಲಬ್‌ನಲ್ಲಿ ನುಡಿಸಬೇಕಾದರೆ ಪೊಲೀಸರು ಕೊಡುವ ಕಾರ್ಡ್ ಬೇಕಿತ್ತು. ಬೆರಳಚ್ಚು ಕೊಟ್ಟು ಪಡೆಯಬೇಕು. ಕೇಸು ಬಿದ್ದರೆ ಕಾರ್ಡ್ ಹೋಯಿತು, ಅನ್ನ ಹೋಯಿತು. ಮಹಾನ್ ಗಾಯಕಿ ಬಿಲ್ಲಿ ಹಾಲಿಡೇ 1947ರಲ್ಲಿ ಜೈಲಿಗೆ ಹೋಗಿ ಬಂದ ಮೇಲೆ ಆ ಊರಿನ ಕ್ಲಬ್‌ಗಳಲ್ಲಿ ಹಾಡುವ ಹಕ್ಕು ಕಳೆದುಕೊಂಡರು. ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಕೂಡ 1951ರಿಂದ ಆರೇಳು ವರ್ಷ ಹೀಗೆಯೇ ಹೊರಗುಳಿದರು. ಜಾಝ್ ಇತಿಹಾಸದಲ್ಲಿ ನನಗೆ ಅತ್ಯಂತ ಸಂಕಟ ಕೊಡುವ ಸಂಗತಿಗಳಲ್ಲಿ ಇದೊಂದು.

ಇಷ್ಟೆಲ್ಲ ದಾಟಿ ಉಳಿದ ಕ್ಲಬ್‌ಗಳಲ್ಲಿ ಬಹಳ ಹೆಸರಾದದ್ದು ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್. 1935ರಲ್ಲಿ ಮ್ಯಾಕ್ಸ್ ಗಾರ್ಡನ್ ಎಂಬವರು ಶುರುಮಾಡಿದ್ದು. ಮೆಟ್ಟಿಲಿಳಿದು ಹೋಗಬೇಕಾದ ನೆಲಮಾಳಿಗೆ, ಸುಮಾರು ತ್ರಿಕೋನ ಆಕಾರದ ಕೋಣೆ, ಹಿಡಿಸುವುದು 123 ಜನ. 1961ರ ಜೂನ್ 25ರಂದು ಪಿಯಾನೋ ವಾದಕ ಬಿಲ್ ಎವನ್ಸ್ ಅವರ ತಂಡ ಅಲ್ಲಿ ನುಡಿಸಿದ್ದನ್ನು ರೆಕಾರ್ಡ್ ಮಾಡಿದ್ದಾರೆ. ಇವತ್ತು ಅದನ್ನು ಹಾಕಿದರೆ ಪಿಯಾನೋ ಹಿಂದೆ ಗ್ಲಾಸು ತಾಗುವ ಸದ್ದು, ಜನರ ಮಾತು, ನಗು ಕೇಳಿಸುತ್ತದೆ.

ಒಂದು ರಾತ್ರಿಯ ಲೆಕ್ಕ

ಕ್ಲಬ್‌ನಲ್ಲಿ ಕಲಾವಿದರು ಒಂದು ಸಲಕ್ಕೆ ನುಡಿಸುವ ಭಾಗಕ್ಕೆ ಸೆಟ್ ಅನ್ನುತ್ತಾರೆ. ಸುಮಾರು ಒಂದು ಗಂಟೆ, ಒಂದೂಕಾಲು ಗಂಟೆ. ಸಂಜೆಗೆ ಎರಡು ಸೆಟ್. ಮೊದಲ ಸೆಟ್ ಮುಗಿದ ಮೇಲೆ ಸಾಮಾನ್ಯವಾಗಿ ಕೋಣೆ ಖಾಲಿ ಮಾಡಿಸಿ ಹೊಸಬರನ್ನು ಕೂರಿಸುತ್ತಾರೆ. 123 ಕುರ್ಚಿಗೆ 246 ಟಿಕೆಟ್ ಆಯಿತು. ಇದನ್ನೇ ವಾರವಿಡೀ ಮಾಡುತ್ತಾರೆ. ವ್ಯಾನ್‌ಗಾರ್ಡ್‌ನಲ್ಲಿ ಮಂಗಳವಾರದಿಂದ ಭಾನುವಾರದವರೆಗೆ ಒಂದೇ ತಂಡ ನುಡಿಸುವುದು ವಾಡಿಕೆ. ಸೋಮವಾರ ಕ್ಲಬ್ಬಿನದೇ ದೊಡ್ಡ ತಂಡ ನುಡಿಸುತ್ತದೆ. ಆ ಪದ್ಧತಿ 1966ರಿಂದ ನಡೆದುಬಂದಿದೆ.

ಟಿಕೆಟ್ ದುಡ್ಡು ಸಂಗೀತಕ್ಕೆ, ಊಟ ಪಾನೀಯದ ದುಡ್ಡು ಜಾಗಕ್ಕೆ ಎಂದು ಸ್ಥೂಲವಾಗಿ ತಿಳಿಯಬಹುದು. ನಗರದ ನಡುವಿನ ಬಾಡಿಗೆ, ಅಡುಗೆಯವರು, ಬಡಿಸುವವರು, ಸೌಂಡ್ ನೋಡುವವರು, ಪಿಯಾನೋ ಶ್ರುತಿ ಮಾಡುವವರು, ಇವರೆಲ್ಲರ ಖರ್ಚು ನೂರಿಪ್ಪತ್ತು ಕುರ್ಚಿಯ ಟಿಕೆಟ್‌ನಿಂದಲೇ ಹುಟ್ಟುವುದಿಲ್ಲ. ಒಬ್ಬರು ಒಂದು ಗ್ಲಾಸ್ ನೀರು ಕುಡಿದು ಎದ್ದು ಹೋದರೆ ಆ ಕುರ್ಚಿ ನಷ್ಟ. ಅದಕ್ಕೇ ಕನಿಷ್ಠ ಇಷ್ಟು ತಗೊಳ್ಳಿ ಅನ್ನುವ ನಿಯಮ.

ಕಲಾವಿದರಿಗೆ ಕೊಡುವ ರೀತಿ ಎರಡು. ಒಂದು, ಜನ ಬರಲಿ ಬಿಡಲಿ ಇಷ್ಟು ಎಂದು ಮೊದಲೇ ಮಾತಾಡಿಕೊಂಡ ಮೊತ್ತ. ಇನ್ನೊಂದು, ಟಿಕೆಟ್ ಹಣದಲ್ಲಿ ಪಾಲು. ಹೆಸರಿರುವವರು ಮೊದಲನೆಯದನ್ನು ಕೇಳುತ್ತಾರೆ, ಕೆಲವೊಮ್ಮೆ ಎರಡನ್ನೂ ಸೇರಿಸಿ ಒಪ್ಪಂದವಾಗುತ್ತದೆ. ಹೊಸಬರಿಗೆ ಹೆಚ್ಚಾಗಿ ಎರಡನೆಯದೇ ಗತಿ.

ಇಲ್ಲಿ ಆಲಿಸನ್ ಅವರ ಒಂದು ಹಾಡು ನೆನಪಾಗುತ್ತದೆ. 1962ರ ಆಲ್ಬಂನಲ್ಲಿರುವ 'ಯುವರ್ ಮೈಂಡ್ ಇಸ್ ಆನ್ ವೆಕೇಶನ್'. ತಲೆಗೆ ರಜೆ ಕೊಟ್ಟು ಬಾಯಿಗೆ ಮಾತ್ರ ಓವರ್‌ಟೈಮ್ ಕೆಲಸ ಕೊಟ್ಟವರ ಬಗ್ಗೆ. ಗಾಯಕ ಹಾಡುತ್ತಿರುವಾಗ ಮುಂದಿನ ಟೇಬಲ್‌ನಲ್ಲಿ ಹರಟುವವರಿಗೆ ಹೇಳಿ ಮಾಡಿಸಿದ ಹಾಡು ಅದು. ಅಂಥವರ ಮುಂದೆಯೇ ದಶಕಗಟ್ಟಲೆ ಅದನ್ನು ಹಾಡಿದರು.

ಊರಿಗೆ ಬರುವವರು ಒಬ್ಬರೇ

ಆಲಿಸನ್ ಊರಿಂದ ಊರಿಗೆ ಹೆಚ್ಚಾಗಿ ಒಬ್ಬರೇ ಹೋಗುತ್ತಿದ್ದರು. ಬಾಸ್ ಮತ್ತು ಡ್ರಮ್ಸ್ ನುಡಿಸುವವರನ್ನು ಆಯಾ ಊರಿನಲ್ಲೇ ಗೊತ್ತುಮಾಡುತ್ತಿದ್ದರು. ಇದು ಹೇಗೆ ಸಾಧ್ಯ, ತಾಲೀಮು ಬೇಡವಾ ಅಂತ ಕೇಳಬಹುದು.

ಕರ್ನಾಟಕ ಸಂಗೀತದ ಕಛೇರಿ ಕೇಳಿದವರಿಗೆ ಇದು ಹೊಸದಲ್ಲ. ರಾಮೋತ್ಸವಕ್ಕೆ ಹೊರಗಿನಿಂದ ವಿದ್ವಾಂಸರು ಬರುತ್ತಾರೆ, ಪಿಟೀಲು ಮೃದಂಗ ಇಲ್ಲಿಯವರೇ ಇರುತ್ತಾರೆ. ಎಷ್ಟೋ ಸಲ ವೇದಿಕೆ ಮೇಲೇ ಮೊದಲ ಸಲ ಜೊತೆಯಾಗುತ್ತಾರೆ. ಆದರೂ ಕಛೇರಿ ನಡೆಯುತ್ತದೆ. ಯಾಕಂದರೆ ರಾಗ, ತಾಳ, ಕೀರ್ತನೆ ಎಲ್ಲರಿಗೂ ಗೊತ್ತು. ಕಲ್ಪನಾಸ್ವರ ಎಲ್ಲಿಗೆ ಬಂದು ಕೂಡಬೇಕು ಅನ್ನುವುದೂ ಗೊತ್ತು. ಜಾಝ್‌ನಲ್ಲಿ ಆ ಕೆಲಸ ಮಾಡುವುದು ಮೇಲೆ ಹೇಳಿದ 48 ಪೆಟ್ಟಿನ ಚೌಕಟ್ಟು ಮತ್ತು ಅಂಥ ಇನ್ನೂ ಕೆಲವು. ಶ್ರುತಿ ಯಾವುದು, ವೇಗ ಎಷ್ಟು ಅಂದರೆ ಸಾಕು, ಒಳ್ಳೆಯ ಬಾಸ್ ವಾದಕರು ಶುರುಮಾಡಿಬಿಡುತ್ತಾರೆ.

ಇದರಿಂದ ಪ್ರಯಾಣದ ಖರ್ಚು ಮೂರರಲ್ಲಿ ಒಂದು ಪಾಲಾಗುತ್ತದೆ. ಚಿಕ್ಕ ಕ್ಲಬ್ ಕೊಡುವ ಹಣದಲ್ಲಿ ಬದುಕು ಸಾಗುವುದು ಹೀಗೆ. ಜೊತೆಗೆ ಪ್ರತಿ ಊರಿನಲ್ಲೂ ಹೊಸ ಕೈ ಸಿಗುವುದರಿಂದ ಅದೇ ಹಾಡು ಬೇರೆಯಾಗಿ ಕೇಳುತ್ತದೆ. ಲಂಡನ್‌ನಲ್ಲಿ ಅವರ ಜೊತೆ ಬಾಸ್ ನುಡಿಸುತ್ತಿದ್ದವರು ರಾಯ್ ಬ್ಯಾಬಿಂಗ್‌ಟನ್, ಡ್ರಮ್ಸ್ ಮಾರ್ಕ್ ಟೇಲರ್. ಜಾಗ ಸೋಹೊ ಬಡಾವಣೆಯ ಡೀನ್ ಸ್ಟ್ರೀಟ್‌ನ ಪಿಜ್ಜಾ ಎಕ್ಸ್‌ಪ್ರೆಸ್ ಜಾಝ್ ಕ್ಲಬ್. ಹೌದು, ಪಿಜ್ಜಾ ಅಂಗಡಿಯೇ. ಮೇಲೆ ಪಿಜ್ಜಾ, ಕೆಳಗೆ ನೆಲಮಾಳಿಗೆಯಲ್ಲಿ ಜಾಝ್. 1965ರಲ್ಲಿ ಆ ಪಿಜ್ಜಾ ಕಂಪನಿ ಶುರುಮಾಡಿದ ಪೀಟರ್ ಬಾಯ್‌ಜೊ ಜಾಝ್ ಹುಚ್ಚಿನವರು. ಆಲಿಸನ್ ಅಲ್ಲಿಗೆ ಮತ್ತೆ ಮತ್ತೆ ಬಂದರು.

ದೊಡ್ಡ ಹಾಲ್‌ನಲ್ಲಿ ಏನು ಕಳೆದುಹೋಗುತ್ತಿತ್ತು

ದ ಹೂ ಹಾಡಿದ್ದು ಮತ್ತು ಆಲಿಸನ್ ಹಾಡಿದ್ದು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ. ಮೊದಲನೆಯದು ಸಿಟ್ಟು. ಎರಡನೆಯದು ಸಿಟ್ಟನ್ನು ನುಂಗಿಕೊಂಡು ಆಡಿದ ಮಾತು. ಸಿಟ್ಟು ಎರಡು ಸಾವಿರ ಜನರಿಗೂ ತಲುಪುತ್ತದೆ, ಎರಡು ಲಕ್ಷ ಜನರಿಗೂ ತಲುಪುತ್ತದೆ. ನುಂಗಿಕೊಂಡ ಮಾತಿಗೆ ಮುಖ ಕಾಣಬೇಕು. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಬಿಟ್ಟ ಜಾಗ ಕೇಳಬೇಕು.

ವಾದಕರಿಗೂ ಹಾಗೆಯೇ. ಆ ಹೊತ್ತಿಗೆ ಹೊಳೆದದ್ದನ್ನು ನುಡಿಸುವವರು ಒಬ್ಬರ ಕೈ, ಕಣ್ಣು ಇನ್ನೊಬ್ಬರು ನೋಡಬೇಕು. ಮೂರು ಅಡಿ ದೂರದಲ್ಲಿ ಡ್ರಮ್ಸ್ ಇದ್ದರೆ ಮೈಕ್ ಇಲ್ಲದೆಯೂ ಕೇಳುತ್ತದೆ, ತಕ್ಷಣ ಉತ್ತರ ಕೊಡಬಹುದು. ದೊಡ್ಡ ವೇದಿಕೆಯಲ್ಲಿ ಎಲ್ಲವೂ ಸ್ಪೀಕರ್ ಮೂಲಕ ಸುತ್ತಿ ಬರಬೇಕು. ಜಾಝ್ ದೊಡ್ಡ ಹಾಲ್‌ಗಳಲ್ಲಿ ನಡೆಯುವುದೇ ಇಲ್ಲ ಅಂತಲ್ಲ. ಉತ್ಸವಗಳಲ್ಲಿ ಸಾವಿರಾರು ಜನ ಕೇಳುತ್ತಾರೆ. ಆದರೆ ಆಲಿಸನ್ ಬರೆದ ಬಗೆಯ ಹಾಡಿಗೆ ಅದು ದುಬಾರಿ ಬೀಳುತ್ತದೆ.

ಆಲಿಸನ್ ಸೆಟ್ ನಡುವೆ ಹೆಚ್ಚು ಮಾತಾಡುತ್ತಿರಲಿಲ್ಲ. ಬಂದು ಕೂತು, ಒಂದು ಹಾಡು ಮುಗಿದ ತಕ್ಷಣ ಇನ್ನೊಂದು ಶುರು. ಕಥೆ ಹೇಳುವುದು, ಚಪ್ಪಾಳೆ ಕೇಳುವುದು ಯಾವುದೂ ಇಲ್ಲ. ಹೇಳಬೇಕಾದದ್ದು ಹಾಡಿನಲ್ಲೇ ಇದೆ ಅನ್ನುವ ಭರವಸೆ. ನನ್ನ ಮಟ್ಟಿಗೆ ಅವರ ದೊಡ್ಡತನ ಇಲ್ಲಿದೆ.

ವಯಸ್ಸಾದ ಮೇಲೆ

ಪಾಪ್ ಗಾಯಕರಿಗೆ ವಯಸ್ಸು ದೊಡ್ಡ ಕಷ್ಟ. ಇಪ್ಪತ್ತೈದರಲ್ಲಿ ಏರಿದ ಸ್ವರ ಎಪ್ಪತ್ತರಲ್ಲಿ ಏರುವುದಿಲ್ಲ, ಜನ ಹಳೆಯದನ್ನೇ ಕೇಳುತ್ತಾರೆ. ಆಲಿಸನ್ ಮೊದಲಿನಿಂದಲೂ ಏರಲೇ ಇಲ್ಲವಾದ್ದರಿಂದ ಇಳಿಯುವ ಪ್ರಶ್ನೆಯೂ ಕಡಿಮೆ. ದನಿ ಸ್ವಲ್ಪ ಒಣಗಿತು, ಅಷ್ಟೇ. ಪಿಯಾನೋ ಮಾತ್ರ ಇನ್ನೂ ಗಡುಸಾಯಿತು.

ಹಾಡುಗಳೂ ಅವರ ಜೊತೆ ವಯಸ್ಸಾದವು. 'ಪಾರ್ಚ್‌ಮನ್ ಫಾರ್ಮ್' ಹಾಡನ್ನು ಒಂದು ಹಂತದಲ್ಲಿ ಬಿಟ್ಟರು. ಡೆಲ್ಟಾದಲ್ಲಿ ಈಗ ಹತ್ತಿ ಚೀಲಗಳೇ ಇಲ್ಲ, ಎಲ್ಲ ಯಂತ್ರ ಮತ್ತು ರಾಸಾಯನಿಕ ಎಂಬುದು ಅವರು ಕೊಟ್ಟ ಕಾರಣ. ತೊಂಬತ್ತರ ದಶಕದಲ್ಲಿ ಹಿರಿಯ ನಾಗರಿಕನಾದ ತನ್ನ ಮೇಲೆಯೇ ಒಂದು ಹಾಡು ಬರೆದರು. ಅದೇ ದಶಕದ ಕೊನೆಯಲ್ಲಿ 'ಓಲ್ಡ್ ಮ್ಯಾನ್ ಬ್ಲೂಸ್' ಬಂತು. ಯುವಕರ ಹತ್ತಿರ ಏನೂ ಇಲ್ಲ ಎಂದು 29ರಲ್ಲಿ ಹಾಡಿದವರು, ಎಪ್ಪತ್ತರ ಹೊತ್ತಿಗೆ ಅದನ್ನು ತಿರುಗಿಸಿ ಮುದುಕರ ಪರವಾಗಿ ಹಾಡಿದರು.

ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸ್ಟುಡಿಯೋ ಕಡೆ ಹೋಗಲಿಲ್ಲ. ಕ್ಲಬ್ ಇತ್ತಲ್ಲ, ಸಾಕು. ನಿರ್ಮಾಪಕ ಜೋ ಹೆನ್ರಿ ಬೆನ್ನುಬಿದ್ದು ಒಪ್ಪಿಸಿದ ಮೇಲೆ 2010ರಲ್ಲಿ 'ದ ವೇ ಆಫ್ ದ ವರ್ಲ್ಡ್' ಬಂತು. ಆಗ ಅವರಿಗೆ 82. ಮಗಳು ಆಮಿ ಆಲಿಸನ್ ಕೂಡ ಹಾಡು ಬರೆದು ಹಾಡುವವರೇ, ಅದರಲ್ಲಿ ಅಪ್ಪನ ಜೊತೆ ಹಾಡಿದ್ದಾರೆ. 2012ರಲ್ಲಿ ಕ್ಲಬ್‌ಗಳಿಗೆ ಹೋಗುವುದನ್ನು ನಿಲ್ಲಿಸಿದರು. 2013ರಲ್ಲಿ ಅಮೆರಿಕ ಸರ್ಕಾರದ ಕಲಾ ಸಂಸ್ಥೆ ಅವರಿಗೆ ಜಾಝ್ ಮಾಸ್ಟರ್ ಗೌರವ ಕೊಟ್ಟಿತು. ಜಾಝ್‌ಗೆ ಆ ದೇಶ ಕೊಡುವ ಅತಿ ದೊಡ್ಡ ಮನ್ನಣೆ ಅದು. 2016ರ ನವೆಂಬರ್ 15ರಂದು, 89 ತುಂಬಿದ ನಾಲ್ಕನೇ ದಿನ, ತೀರಿಕೊಂಡರು.

ಕೇಳಲು ಶುರು ಎಲ್ಲಿಂದ?

ಮೊದಲು 1957ರ 'ಬ್ಯಾಕ್ ಕಂಟ್ರಿ ಸ್ವೀಟ್'ನ ಆ ಒಂದೂವರೆ ನಿಮಿಷ. ಆಮೇಲೆ 1962ರ 'ಐ ಡೋಂಟ್ ವರಿ ಅಬೌಟ್ ಎ ಥಿಂಗ್' ಆಲ್ಬಂ ಪೂರ್ತಿ. ಅದು ಅವರ ಬರವಣಿಗೆ ಹದಕ್ಕೆ ಬಂದ ಕಾಲ. ಕ್ಲಬ್ಬಿನ ವಾತಾವರಣ ಬೇಕಾದರೆ ಎರಡಿವೆ. 1965ರ 'ಮೋಝ್ ಅಲೈವ್' ಕ್ಯಾಲಿಫೋರ್ನಿಯಾದ ಕಡಲ ತಡಿಯ ಲೈಟ್‌ಹೌಸ್ ಕ್ಲಬ್‌ನಲ್ಲಿ ರೆಕಾರ್ಡ್ ಆದದ್ದು. 'ಮೋಝ್ ಕ್ರಾನಿಕಲ್ಸ್' ಎರಡು ಭಾಗಗಳು, 2000ದ ಜನವರಿಯಲ್ಲಿ ಲಂಡನ್‌ನ ಆ ಪಿಜ್ಜಾ ಅಂಗಡಿಯ ನೆಲಮಾಳಿಗೆಯಲ್ಲಿ ರೆಕಾರ್ಡ್ ಆದವು. ಇವೆರಡರ ನಡುವೆ 35 ವರ್ಷದ ಅಂತರ. ಎಡಗೈ ನಡೆಯನ್ನು ಗಮನಿಸಿ ಕೇಳಿ, ಮೊದಲನೆಯದಕ್ಕಿಂತ ಎರಡನೆಯದರಲ್ಲಿ ಅದು ಎಷ್ಟು ಒರಟಾಗಿದೆ, ಎಷ್ಟು ಧೈರ್ಯವಾಗಿ ಹಾಡಿನಿಂದ ಆಚೆ ಹೋಗುತ್ತದೆ ಅಂತ ಗೊತ್ತಾಗುತ್ತದೆ.